ನಾಲ್ಕು ಬೆರಳುದ್ದದ ತಂತಿ

ನನ್ನ ಹಳೆಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಇಲ್ಲ. ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್‌ಗಳು, ಅಂದರೆ ಸ್ವಿಚ್ಚಿನಂಥ ಎರಡು ಲೋಹದ ತುಂಡುಗಳು, ತೆರೆದು ಮುಚ್ಚುವುದರಿಂದಲೇ ಅದರ ಕಿಡಿ ಹುಟ್ಟುತ್ತದೆ. ಚೆನ್ನಾಗಿಯೇ ಓಡುತ್ತಿದ್ದ ಆ ಕಾರು ಒಂದು ದಿನ ಆಕ್ಸಿಲರೇಟರಿನಿಂದ ಕಾಲು ತೆಗೆದ ಗಳಿಗೆಯಲ್ಲಿ ಥಟ್ಟನೆ ನಿಂತುಹೋಯಿತು. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಸಾಮಾನ್ಯವಾಗಿ ಮುಗ್ಗರಿಸುತ್ತ, ಕೆಮ್ಮುತ್ತ ನಿಲ್ಲುತ್ತದೆ. ದೀಪ ಆರಿದ ಹಾಗೆ ಒಮ್ಮೆಲೇ ನಿಂತರೆ ಮೊದಲು ಸಂಶಯಪಡಬೇಕಾದದ್ದು ಕಿಡಿಯನ್ನು.

ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಸುತ್ತಮುತ್ತ ಪೆಟ್ರೋಲಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಹುಟ್ಟಿಸುವ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿಗೆ ಬರುವ ದಪ್ಪ ತಂತಿಯನ್ನು ಕ್ಯಾಪಿನಿಂದ ಕಿತ್ತೆ. ಅದರ ತುದಿಯನ್ನು ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು, ಎಂಜಿನ್ನಿನ ಬರಿ ಲೋಹದಿಂದ ಸುಮಾರು 6 ಮಿ.ಮೀ. ದೂರದಲ್ಲಿಟ್ಟು, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿದೆ. ಚಟಚಟನೆ ನೀಲಿ ಕಿಡಿ ಹಾರಿದ್ದರೆ ತೊಂದರೆ ಕ್ಯಾಪ್, ಅದರೊಳಗೆ ತಿರುಗುವ ರೋಟರ್, ಪ್ಲಗ್‌ಗಳ ಕಡೆಗಿದೆ ಎಂದಾಗುತ್ತಿತ್ತು. ಕಿಡಿಯೇ ಬರಲಿಲ್ಲ. ಈ ಒಂದು ಪರೀಕ್ಷೆಯಿಂದ ಹುಡುಕಾಟದ ಅರ್ಧ ಭಾಗ ಕಳೆಯುತ್ತದೆ, ಪ್ಲಗ್‌ಗಳನ್ನು ಬಿಚ್ಚುವ ಕೆಲಸವೂ ತಪ್ಪುತ್ತದೆ.

ಮುಂದಿನದನ್ನು ತಿಳಿಯಲು ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪಾಯಿಂಟ್‌ಗಳು ಕೂಡಿರುವಾಗ ಬ್ಯಾಟರಿಯ ವಿದ್ಯುತ್ತು ಕಾಯಿಲ್‌ನ ಪ್ರೈಮರಿ ಸುರುಳಿಯ ಮೂಲಕ, ಪಾಯಿಂಟ್‌ಗಳನ್ನು ದಾಟಿ, ಅರ್ಥ್‌ಗೆ, ಅಂದರೆ ಬ್ಯಾಟರಿಗೆ ಮರಳುವ ದಾರಿಯಾದ ಎಂಜಿನ್ನಿನ ಲೋಹಕ್ಕೆ, ಹರಿಯುತ್ತದೆ. ನನ್ನ ಕಾಯಿಲ್‌ನ ಪ್ರೈಮರಿಯ ರೋಧ ಸುಮಾರು 3 ಓಮ್ ಆದ್ದರಿಂದ 12 ವೋಲ್ಟಿಗೆ ಹರಿಯುವ ವಿದ್ಯುತ್ತು ಸುಮಾರು 4 ಆಂಪಿಯರ್. ಡಿಸ್ಟ್ರಿಬ್ಯೂಟರಿನ ನಡುವೆ ತಿರುಗುವ ಉಬ್ಬುಗಳ ಕ್ಯಾಮ್ ಪಾಯಿಂಟ್‌ಗಳನ್ನು ಬಿಡಿಸಿದೊಡನೆ ಆ ಹರಿವು ಕಡಿಯುತ್ತದೆ, ಕಾಯಿಲ್‌ನ ಕಾಂತಕ್ಷೇತ್ರ ಕುಸಿಯುತ್ತದೆ, ಸಾವಿರಾರು ಸುತ್ತುಗಳ ಸೆಕೆಂಡರಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಏಳುತ್ತದೆ. ಬಿಡಿಸಿಕೊಳ್ಳುವ ಪಾಯಿಂಟ್‌ಗಳ ನಡುವೆಯೇ ಕಿಡಿ ಹಾರಿ ಶಕ್ತಿ ಅಲ್ಲಿ ವ್ಯರ್ಥವಾಗದಂತೆ ತಡೆಯುವುದು ಕಂಡೆನ್ಸರ್. ಚಾರ್ಲ್ಸ್ ಕೆಟರಿಂಗ್ 1910ರ ಆಸುಪಾಸಿನಲ್ಲಿ ರೂಪಿಸಿದ ಈ ವ್ಯವಸ್ಥೆಯನ್ನು ಒಂದು ಬಲ್ಬು, ಒಂದು ಮೀಟರ್ ಇದ್ದವರು ಆದಿಯಿಂದ ಅಂತ್ಯದವರೆಗೆ ಪರೀಕ್ಷಿಸಬಹುದು ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಇಷ್ಟು ಪ್ರೀತಿ.

ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಅರ್ಥ್‌ಗೆ ಕಚ್ಚಿಸಿ, ಇನ್ನೊಂದನ್ನು ಕಾಯಿಲ್‌ನ ಪ್ಲಸ್ ಕಡೆಗೆ ಮುಟ್ಟಿಸಿದೆ. ಬಲ್ಬು ಹತ್ತಿತು, ಅಂದರೆ ಕೀಲಿಯಿಂದ ಅಲ್ಲಿಯವರೆಗೆ ದಾರಿ ಸರಿಯಿದೆ. ಮೈನಸ್ ಕಡೆಗೆ ಮುಟ್ಟಿಸಿ ಸೆಲ್ಫ್ ಹೊಡೆಸಿದಾಗ ಬಲ್ಬು ಮಿನುಗಬೇಕು, ಏಕೆಂದರೆ ಪಾಯಿಂಟ್‌ಗಳು ಕೂಡಿದಾಗಲೆಲ್ಲ ಅದು ಆರಬೇಕು. ನನ್ನದು ಮಿನುಗದೆ ಒಂದೇ ಸಮ ಉರಿಯಿತು. ಅಂದರೆ ಪ್ರೈಮರಿ ಸುರುಳಿ ತುಂಡಾಗಿಲ್ಲ, ಆದರೆ ಕಾಯಿಲ್‌ನ ಮೈನಸ್‌ನಿಂದ ಅರ್ಥ್‌ಗೆ ಹೋಗುವ ದಾರಿ ಎಲ್ಲೋ ಕಡಿದಿದೆ.

ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿತ್ತು. ಆದರೆ ಇಲ್ಲಿಂದ ಅಳೆಯುವುದನ್ನು ಬಿಟ್ಟು ಊಹೆಗೆ ಇಳಿದೆ. ದಾರಿ ಕಡಿದಿದ್ದರೆ ಪಾಯಿಂಟ್‌ಗಳ ಮುಖಕ್ಕೆ ಕಿಲುಬು ಹಿಡಿದಿರಬೇಕು ಎಂದುಕೊಂಡು ಅವನ್ನು ತೆಗೆದು, ಉಜ್ಜಿ, ಫೀಲರ್ ಗೇಜಿನಿಂದ 0.4 ಮಿ.ಮೀ. ಅಂತರಕ್ಕೆ ಹೊಂದಿಸಿ ಮತ್ತೆ ಕೂರಿಸಿದೆ. ಕಿಡಿ ಬಂತು, ಕಾರು ಓಡಿತು, ಎರಡು ದಿನಗಳ ನಂತರ ಅದೇ ರೀತಿಯಲ್ಲಿ ನಿಂತಿತು. ಆಗ ಕಂಡೆನ್ಸರ್ ಬದಲಾಯಿಸಿದೆ. ಮತ್ತೆ ಓಡಿತು, ಮತ್ತೆ ನಿಂತಿತು. ಮೂರನೆಯ ಬಾರಿಗೆ ಹೊಸ ಕಾಯಿಲ್ ಹಾಕಿದಾಗ ಮಾತ್ರ ಏನೂ ಬದಲಾಗಲಿಲ್ಲ. ಈ ವ್ಯತ್ಯಾಸವೇ ನನ್ನನ್ನು ಯೋಚನೆಗೆ ಹಚ್ಚಿತು: ಡಿಸ್ಟ್ರಿಬ್ಯೂಟರಿನ ಬಟ್ಟಲೊಳಗೆ ಕೈ ಹಾಕಿದ ಎರಡು ಸಲವೂ ಕಾರು ತಾತ್ಕಾಲಿಕವಾಗಿ ಸರಿಹೋಗಿತ್ತು, ಹೊರಗಿನ ಭಾಗವನ್ನು ಮುಟ್ಟಿದಾಗ ಹೋಗಿರಲಿಲ್ಲ. ಹಾಗಾದರೆ ಅದನ್ನು ಸರಿಪಡಿಸಿದ್ದು ನಾನು ಹಾಕಿದ ಹೊಸ ಭಾಗವಲ್ಲ, ಕೆಲಸದ ನಡುವೆ ನನ್ನ ಬೆರಳು ಸರಿಸಿದ ಬೇರೆ ಯಾವುದೋ ವಸ್ತು.

ಆದ್ದರಿಂದ ಈ ಬಾರಿ ಏನನ್ನೂ ಅಲುಗಿಸದೆ ಅಳೆಯಲು ನಿರ್ಧರಿಸಿದೆ. ಕ್ಯಾಪನ್ನು ಮೆಲ್ಲನೆ ತೆಗೆದು, ಟಾಪ್ ಗೇರಿನಲ್ಲಿ ಕಾರನ್ನು ತುಸು ತುಸುವೇ ತಳ್ಳಿ ಪಾಯಿಂಟ್‌ಗಳು ಪೂರ್ತಿ ಕೂಡುವಂತೆ ಮಾಡಿ, ಗೇರನ್ನು ಮತ್ತೆ ನ್ಯೂಟ್ರಲ್‌ಗೆ ತಂದು ಕೀಲಿ ತಿರುಗಿಸಿದೆ. ಮೀಟರಿನ ಕಪ್ಪು ತುದಿ ಎಂಜಿನ್ನಿನ ಅರ್ಥ್ ಮೇಲೆ, ಕೆಂಪು ತುದಿ ಕಾಯಿಲ್‌ನ ಮೈನಸ್ ಮೇಲೆ: 12.4 ವೋಲ್ಟ್. ಪಾಯಿಂಟ್‌ಗಳು ಕೂಡಿರುವಾಗ ಅಲ್ಲಿ 0.2 ವೋಲ್ಟಿನ ಆಸುಪಾಸಿಗಿಂತ ಹೆಚ್ಚು ಇರಬಾರದು. ಡಿಸ್ಟ್ರಿಬ್ಯೂಟರಿನ ಹೊರಮೈಯ ಟರ್ಮಿನಲ್ ಮೇಲೂ 12.4. ಆದರೆ ಪಾಯಿಂಟಿಗೆ ವಿದ್ಯುತ್ತು ತಲುಪಿಸುವ ಸ್ಪ್ರಿಂಗ್ ಮೇಲೆ ಸೊನ್ನೆ. ಕಿಲುಬೇ ಕಾರಣವಾಗಿದ್ದರೆ ಸ್ಪ್ರಿಂಗ್ ಮೇಲೂ 12 ವೋಲ್ಟ್ ಇರಬೇಕಾಗಿತ್ತು. ಹೊರಗಿನ ಟರ್ಮಿನಲ್‌ಗೂ ಸ್ಪ್ರಿಂಗ್‌ಗೂ ನಡುವೆ ಇರುವುದು ನಾಲ್ಕು ಬೆರಳುದ್ದದ ಒಂದು ತೆಳು ತಂತಿ ಮಾತ್ರ.

ಆ ತಂತಿ ಹೊರನೋಟಕ್ಕೆ ಅಚ್ಚುಕಟ್ಟಾಗಿತ್ತು. ಅನುಮಾನವನ್ನು ಪೂರ್ತಿ ನಿವಾರಿಸಿಕೊಳ್ಳಲು ವ್ಯಾಕ್ಯೂಮ್ ಅಡ್ವಾನ್ಸ್‌ನ, ಅಂದರೆ ಕಾರ್ಬ್ಯುರೇಟರಿನ ಗಾಳಿಯ ಎಳೆತದಿಂದ ಕಿಡಿಯ ಸಮಯವನ್ನು ಮುಂದಕ್ಕೆ ತರುವ ಸಾಧನದ, ಕೊಳವೆಯನ್ನು ಕಾರ್ಬ್ಯುರೇಟರಿನ ಕಡೆಯಿಂದ ಕಳಚಿ, ಬಾಯಿಯಿಂದ ಎಳೆದೆ. ಪಾಯಿಂಟ್‌ಗಳು ಕೂತಿರುವ ತಟ್ಟೆ ಕೆಲವು ಡಿಗ್ರಿ ತಿರುಗಿದೊಡನೆ ಮೀಟರ್ 12.4ರಿಂದ 0.2ಕ್ಕೆ ಇಳಿಯಿತು, ಉಸಿರು ಬಿಟ್ಟೊಡನೆ ಮತ್ತೆ ಮೇಲೇರಿತು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಈ ಕೊಳವೆಯ ವ್ಯಾಕ್ಯೂಮ್ ಇಳಿದು ತಟ್ಟೆ ಹಿಂದಕ್ಕೆ ಮರಳುತ್ತದೆ, ಕಾರು ನಿಂತದ್ದೂ ಸರಿಯಾಗಿ ಆ ಗಳಿಗೆಯಲ್ಲೇ. ಕೀಲಿಯನ್ನು ತಕ್ಷಣ ಆರಿಸಿದೆ. ಪಾಯಿಂಟ್‌ಗಳು ಕೂಡಿರುವಾಗ ಬಹಳ ಹೊತ್ತು ಹಾಗೆಯೇ ಬಿಟ್ಟರೆ ಕಾಯಿಲ್ ಕಾದು ಹಾಳಾಗುತ್ತದೆ.

ಬಿಚ್ಚಿ ತೆಗೆದ ತಂತಿಯನ್ನು ಬೆರಳುಗಳ ನಡುವೆ ಬಾಗಿಸಿದಾಗ ಒಂದು ಜಾಗದಲ್ಲಿ ಮಾತ್ರ ಅದು ದಾರದಂತೆ ಮಡಿಚಿಕೊಂಡಿತು. ಹೊದಿಕೆಯನ್ನು ಬ್ಲೇಡಿನಿಂದ ಸೀಳಿದಾಗ ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ, ಕಡಿದ ತುದಿಗಳು ಹಸಿರುಗಟ್ಟಿ, ಒಂದಕ್ಕೊಂದು ಒರಗಿಕೊಂಡಿದ್ದವು. ತಟ್ಟೆ ತಿರುಗಿದಾಗಲೆಲ್ಲ ಈ ತಂತಿ ಬಾಗುತ್ತದೆ, ಹಾಗೆ ವರ್ಷಾನುಗಟ್ಟಲೆ ಬಾಗಿ ಬಾಗಿ ದಣಿದಿತ್ತು. ಇದನ್ನು ಮೊದಲೇ ಬಿಚ್ಚಿ ಮೇಜಿನ ಮೇಲಿಟ್ಟು ಕಂಟಿನ್ಯುಟಿ, ಅಂದರೆ ದಾರಿ ಕೂಡಿದೆಯೇ ಎಂದು, ನೋಡಿದ್ದರೆ ಒರಗಿಕೊಂಡ ಎಳೆಗಳಿಂದ ಮೀಟರ್ ಬೀಪ್ ಎಂದು ಸಮಾಧಾನ ಹೇಳುತ್ತಿತ್ತೇನೋ. ಅಲುಗಾಡುವ ತಂತಿಯನ್ನು ಅದಿದ್ದ ಜಾಗದಲ್ಲಿಯೇ, ವಿದ್ಯುತ್ತು ಹರಿಯಬೇಕಾದ ಸ್ಥಿತಿಯಲ್ಲಿ, ಅಲುಗಾಡಿಸುತ್ತಲೇ ಅಳೆಯಬೇಕು.

ಬದಲಿಗೆ ಹಾಕಲು ಬಹಳ ಸಣ್ಣ ಎಳೆಗಳು ಹೆಚ್ಚಿರುವ, ಮೆದು ಹೊದಿಕೆಯ ತಂತಿಯೇ ಬೇಕು. ಗಟ್ಟಿ ತಂತಿ ಬೇಗನೆ ಕಡಿಯುತ್ತದೆ, ತಟ್ಟೆಯ ಚಲನೆಯನ್ನೂ ತಡೆಯುತ್ತದೆ. ತುದಿಗಳನ್ನು ಬೆಸುಗೆ ಹಾಕದೆ ಒತ್ತಿ ಕಚ್ಚಿಸಿ ಕ್ರಿಂಪ್ ಮಾಡಿದೆ, ಏಕೆಂದರೆ ಬೆಸುಗೆ ಎಳೆಗಳೊಳಗೆ ಏರಿ ಗಟ್ಟಿಯಾದರೆ ಮುಂದಿನ ಸಲ ತಂತಿ ತುಂಡಾಗುವುದು ಆ ಗಟ್ಟಿ ಭಾಗದ ಅಂಚಿನಲ್ಲೇ. ಕ್ಯಾಮ್‌ಗಾಗಲಿ ರೋಟರ್‌ಗಾಗಲಿ ತಾಗದಂತೆ ಸಣ್ಣ ಕುಣಿಕೆಯಷ್ಟು ಸಡಿಲ ಬಿಟ್ಟು ಕೂರಿಸಿದೆ. ಪಾಯಿಂಟ್ ಅಂತರವನ್ನು ಮತ್ತೊಮ್ಮೆ ನೋಡಿ, ಟೈಮಿಂಗ್ ಲೈಟ್ ಹಿಡಿದು ಟೈಮಿಂಗನ್ನೂ ಪರೀಕ್ಷಿಸಿದೆ. ಅಂತರ ಹೆಚ್ಚಾದರೆ ಪಾಯಿಂಟ್‌ಗಳು ಬೇಗ ತೆರೆದು ಕಿಡಿ ಮುಂಚೆ ಬರುತ್ತದೆ, ಆದ್ದರಿಂದ ಒಂದನ್ನು ಮುಟ್ಟಿದವರು ಇನ್ನೊಂದನ್ನು ನೋಡದೆ ಬಿಡಬಾರದು.

ಈಗ ಕೊಳವೆಯನ್ನು ಎಷ್ಟು ಎಳೆದರೂ ಬಿಟ್ಟರೂ ಮೀಟರ್ 0.15ರಿಂದ ಕದಲುವುದಿಲ್ಲ. ತೆಗೆದಿಟ್ಟಿದ್ದ ಹಳೆಯ ಭಾಗಗಳನ್ನೂ ಅಳೆದು ನೋಡಿದೆ: ಕಂಡೆನ್ಸರ್ 0.22 ಮೈಕ್ರೋಫ್ಯಾರಡ್, ಕಾಯಿಲ್‌ನ ಪ್ರೈಮರಿ 3.1 ಓಮ್, ಎರಡೂ ಆರೋಗ್ಯವಾಗಿದ್ದವು. ಹಳೆಯ ಕಾಯಿಲನ್ನೇ ಮತ್ತೆ ಅದರ ಜಾಗಕ್ಕೆ ಹಾಕಿ, ಹೊಸದನ್ನು ಅದೇ ಬಗೆಯ ಇನ್ನೊಂದು ತುಂಡು ತಂತಿಯ ಜೊತೆಗೆ ಡಿಕ್ಕಿಯಲ್ಲಿ ಇಟ್ಟಿದ್ದೇನೆ.