ಮಂಗಳೂರಿನ ಮಳೆಯಲ್ಲೂ ನಡೆಯುವ ಗೊಬ್ಬರದ ಮಡಕೆ

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಎಂಬ ಊರಿನ ಮನೆ, ತೋಟಗಳನ್ನು ನುಂಗಿತು. ಅಂದಿನಿಂದ ನಮ್ಮ ಅಡುಗೆಮನೆಯ ಹಸಿ ಕಸ ಗೇಟು ದಾಟಿಲ್ಲ. ಪಾಲಿಕೆಯ ಗಾಡಿಗೆ ಒಣ ಕಸ ಮಾತ್ರ.

ದೊಡ್ಡ ಮಣ್ಣಿನ ಮಡಕೆ ತನ್ನಿ. ಬದಿಗೂ ಅಡಿಗೂ ತೂತು ಮಾಡಿ, ತಳಕ್ಕೆ ತೆಂಗಿನ ನಾರು ಹಾಸಿ. ಒಂದು ಹಿಡಿ ಹಸಿ ಕಸಕ್ಕೆ ಎರಡು ಹಿಡಿ ಒಣ ಎಲೆ ಹಾಕಿ. ನಾನು ಹಲಸಿನ ಎಲೆ ಪುಡಿ ಮಾಡಿ ಹಾಕುತ್ತೇನೆ. ಶುರುವಿಗೆ ಒಂದು ಸೌಟು ಹುಳಿ ಮಜ್ಜಿಗೆ ಸಾಕು.

ನಮ್ಮೂರಿನ ಮಳೆಯೇ ದೊಡ್ಡ ಕಷ್ಟ, ಅಲ್ವಾ? ಜೂನ್‌ಗೆ ಮೊದಲೇ ಎರಡು ಗೋಣಿ ಎಲೆ ಒಣಗಿಸಿ ಇಟ್ಟುಕೊಳ್ಳಿ. ಮಡಕೆಯ ಕಸ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಎಲೆ ಜಾಸ್ತಿ ಹಾಕಿ, ಕೋಲಿನಿಂದ ಕಲಕಿ.

ಬಂಗುಡೆ ಮೀನಿನ ತಲೆ ಮಡಕೆಗೆ ಬೇಡ. ತೆಂಗಿನ ಬುಡದಲ್ಲಿ ಆಳಕ್ಕೆ ಹೂಳಿ.

ಎರಡು-ಮೂರು ತಿಂಗಳಿಗೆ ಕಸ ಕಪ್ಪಾಗಿ, ಮಣ್ಣಿನ ವಾಸನೆ ಬರುತ್ತದೆ. ಅದನ್ನು ಬಸಳೆಯ ಬುಡಕ್ಕೆ ಹಾಕಿ.