ಶಹಾಪುರದ ಗುಡ್ಡಕ್ಕೆ ಚೀಲ ಹೊತ್ತು ಹೋಗುವವರಿಗೆ

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಐದಾರು ದೋಸ್ತರು ಸೇರಿ ಯಾದಗಿರಿ ಜಿಲ್ಲೆಯ ಶಹಾಪುರದ ಗುಡ್ಡ ಹತ್ತುತ್ತೇವೆ. ಬೆಳಗಿನಿಂದ ಸಂಜೆತನಕ ಊಟ, ನೀರು ಎಲ್ಲ ಬೆನ್ನ ಮೇಲೆ. ಗುಡ್ಡ ಹತ್ತಬೇಕೆಂದರೆ ಮಲೆನಾಡಿಗೇ ಹೋಗಬೇಕು ಎನ್ನುವವರು ನಮ್ಮ ಭಾಗದಲ್ಲಿ ಬಹಳ. ಅಲ್ಲಿ ಮರದ ನೆರಳಿದೆ, ಹಳ್ಳದ ನೀರಿದೆ. ಇಲ್ಲಿರುವುದು ಬೋಳು ಬಂಡೆ ಮತ್ತು ಬಿಸಿಲು. ಅದಕ್ಕೇ ಇಲ್ಲಿನ ತಯಾರಿ ಬೇರೆ.

ಎಳ್ಳಮವಾಸ್ಯೆಯ ಹಿಂದು ಮುಂದಿನ ವಾರಗಳು ಒಳ್ಳೆಯವು. ಶಿವರಾತ್ರಿ ದಾಟಿದ ಮೇಲೆ ಬೇಡ. ಮಳೆಗಾಲದಲ್ಲಂತೂ ನೀರು ಹರಿದು ಕಪ್ಪು ಪಟ್ಟೆ ಬಿದ್ದ ಬಂಡೆಯ ಮೇಲೆ ಕಾಲಿಡಲೇಬೇಡಿ, ಸಾಬೂನು ಸವರಿದ ಹಾಗೆ ಜಾರುತ್ತದೆ.

ಮೊದಲು ನೀರು. ತಲೆಗೆ ನಾಲ್ಕು ಲೀಟರ್. ಭಾರ ಎಂದು ಎಲ್ಲರೂ ಗೊಣಗುತ್ತಾರೆ, ನಿಜ, ಲೀಟರಿಗೆ ಒಂದು ಕೆಜಿ. ಆದರೂ ಕಡಿಮೆ ಮಾಡಬೇಡಿ. ಒಂದು ಫೆಬ್ರವರಿಯಲ್ಲಿ ನಾವು ಎರಡೆರಡೇ ಲೀಟರ್ ಒಯ್ದಿದ್ದೆವು. ಮೇಲಿನ ದೊಣೆಯಲ್ಲಿ, ಅಂದರೆ ಬಂಡೆಯ ಕುಳಿಯಲ್ಲಿ, ನೀರಿರುತ್ತದೆ ಎಂದು ನಂಬಿದ್ದು ನಾನೇ. ಹೋಗಿ ನೋಡಿದರೆ ತಳದಲ್ಲಿ ಬೊಗಸೆಯಷ್ಟು ಹಸಿರು ಕೆಸರು. ಎರಡು ಗಂಟೆಗೆ ನಮ್ಮಲ್ಲೊಬ್ಬನ ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು, ತಲೆ ಸುತ್ತು ಶುರುವಾಯಿತು. "ಸ್ವಲ್ಪ ಕುಂದರ್ತೀನಿ, ನೀವು ನಡೀರಿ" ಅಂದ. ಅಂಥವನನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು. ಬಂಡೆಯ ಸಂದಿನ ನೆರಳಿಗೆ ಎಳೆದು ತಂದು, ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ ಹಾಕಿ, ಉಳಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಅಂದಿನಿಂದ ನನ್ನ ಚೀಲದಲ್ಲಿ ಸಕ್ಕರೆ, ಉಪ್ಪಿನ ಪೊಟ್ಟಣ ಕಾಯಂ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗಬಾರದು, ಅಂಚಿಗೆ ಸಮ ಇರಬೇಕು.

ಚೀಲ ತುಂಬುವುದನ್ನು ನಾನು ಕಲಿತದ್ದು ಮಿಲ್ಲಿನ ಹಮಾಲರನ್ನು ನೋಡಿ. ಐವತ್ತು ಕೆಜಿ ತೊಗರಿ ಬೇಳೆಯ ಮೂಟೆಯನ್ನು ಅವರು ಸೊಂಟದ ಕೆಳಗೆ ಜೋತು ಬೀಳಲು ಬಿಡುವುದಿಲ್ಲ. ಬೆನ್ನಿನ ಮೇಲ್ಭಾಗಕ್ಕೆ ಅಂಟಿಸಿಕೊಂಡು, ಸ್ವಲ್ಪ ಮುಂದೆ ಬಾಗಿ, ಭಾರವನ್ನು ಕಾಲಿಗೆ ಇಳಿಸುತ್ತಾರೆ. ನೀವೂ ನೀರಿನ ಬಾಟಲಿಗಳನ್ನು ಬೆನ್ನಿಗೆ ತಾಗುವಂತೆ ನಡುವೆ ಇಡಿ, ಬಟ್ಟೆ ಕೆಳಗೆ, ಊಟದ ಗಂಟು ಮೇಲೆ. ಸೊಂಟದ ಪಟ್ಟಿ ಬಿಗಿದ ಮೇಲೆ ಹೆಗಲ ಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ತೂರಬೇಕು. ತೂರದಿದ್ದರೆ ಭಾರವೆಲ್ಲ ಹೆಗಲ ಮೇಲಿದೆ ಎಂದರ್ಥ. ಇಳಿಸಿ ಮತ್ತೆ ಕಟ್ಟಿ.

ಊಟಕ್ಕೆ ಖಡಕ್ ರೊಟ್ಟಿ ಒಯ್ಯುವವರು ಒಂದು ಕೆಲಸ ಮಾಡಿ. ಒಣ ರೊಟ್ಟಿ ಬಾಯಿಯ ನೀರು ಹೀರುತ್ತದೆ, ಮತ್ತೆ ನಿಮ್ಮ ಬಾಟಲಿಯೇ ಖಾಲಿ. ಬೆಳಿಗ್ಗೆಯೇ ಅದಕ್ಕೆ ಮೊಸರು ಸವರಿ, ಶೇಂಗಾ ಹಿಂಡಿ (ಚಟ್ನಿ ಪುಡಿ) ಉದುರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮಧ್ಯಾಹ್ನಕ್ಕೆ ಮೆತ್ತಗಾಗಿ, ಹಿಂಡಿಯ ಖಾರ ಒಳಗೆ ಇಳಿದಿರುತ್ತದೆ. ಜೊತೆಗೆ ಒಂದು ಉಳ್ಳಾಗಡ್ಡಿ ಸಾಕು. ದಾರಿಯಲ್ಲಿ ಮೆಲ್ಲಲು ಹುರಗಡಲೆ, ಬೆಲ್ಲ.

ಜೇವರ್ಗಿ ಮೇಲಿಂದ ಹೋಗಿ, ಭೀಮಾ ದಾಟುವಾಗ ಇನ್ನೂ ಕತ್ತಲಿರಬೇಕು. ಬೆಳಕು ಹರಿಯುವ ಹೊತ್ತಿಗೆ ಹತ್ತಲು ಶುರು ಮಾಡಿ. ಬುಡದಲ್ಲಿ ಕುರಿ ಕಾಯುವವರು ಸಿಕ್ಕರೆ "ಕಾಕಾ, ದಾರಿ ಹ್ಯಾಂಗ್ರಿ?" ಎಂದು ಕೇಳಿಯೇ ಮುಂದೆ ಹೋಗಿ. ಯಾವ ಸಂದಿನಲ್ಲಿ ಹೆಜ್ಜೇನು ಕಟ್ಟಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅಲ್ಲಿ ಹೊಗೆ, ಸೆಂಟು, ಕೂಗಾಟ ಯಾವುದೂ ಬೇಡ.

ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಉಳಿದವರು ಅವರ ಹೆಜ್ಜೆಗೆ ಹೆಜ್ಜೆ ಹಾಕಲಿ. ಮುಕ್ಕಾಲು ಗಂಟೆಗೊಮ್ಮೆ ಕೂತು ಬೂಟು ಕಳಚಿ, ಕಾಲುಚೀಲಕ್ಕೆ ಚುಚ್ಚಿದ ಹುಲ್ಲಿನ ಮುಳ್ಳು ಕಿತ್ತು ಹಾಕಿ. ಹಿಮ್ಮಡಿ ಉರಿ ಅನ್ನಿಸಿದ ಕೂಡಲೇ ಟೇಪ್ ಹಚ್ಚಿ. ಗುಳ್ಳೆ ಎದ್ದ ಮೇಲೆ ಹಚ್ಚಿದರೆ ತಡವಾಯಿತು. ಹನ್ನೊಂದೂವರೆಯಿಂದ ಎರಡೂವರೆತನಕ ನಡೆಯಬೇಡಿ. ದೊಡ್ಡ ಬಂಡೆಯ ಉತ್ತರದ ಮಗ್ಗುಲು ಹುಡುಕಿ ಮಲಗಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಆ ಕಡೆಗೇ ಉಳಿಯುತ್ತದೆ. ನಮಗೆ ಇಡೀ ದಿನದಲ್ಲಿ ಅತಿ ಇಷ್ಟದ ಹೊತ್ತು ಅದೇ. ಮಿಲ್ಲಿನ ಸದ್ದಿಲ್ಲ, ಮನೆಯ ಮಾತು, ಮಕ್ಕಳ ಮಾತು ಆಡುತ್ತ ಒಬ್ಬೊಬ್ಬರೇ ನಿದ್ದೆಗೆ ಜಾರುತ್ತೇವೆ.

ಇಳಿಯುವ ಮುಂಚೆ ಲೇಸು ಮತ್ತೊಮ್ಮೆ ಬಿಗಿಯಿರಿ, ಇಲ್ಲದಿದ್ದರೆ ಹೆಬ್ಬೆರಳಿನ ಉಗುರು ಬೂಟಿಗೆ ಬಡಿದು ಕಪ್ಪಾಗುತ್ತದೆ. ಮೊಣಕಾಲು ಸ್ವಲ್ಪ ಮಡಚಿ, ಅಡ್ಡಡ್ಡ ಇಳಿಯಿರಿ. ನಾಲ್ಕೂವರೆಗೆ ಕೆಳಗಿರಬೇಕು. ಮರಳುವಾಗ ನಾವು ಯಾದಗಿರಿ ಬಸ್ಸು ಹಿಡಿದು, ಅಲ್ಲಿಂದ ರೈಲಿಗೆ ಬರುತ್ತೇವೆ. ದಾರಿ ಸುತ್ತು, ಆದರೆ ಬಸ್ಸಿನಿಂದ ತಿರುಗಿ ನೋಡಿದರೆ ಅದೇ ಗುಡ್ಡಗಳು ಒಂದಕ್ಕೊಂದು ಸೇರಿ ಮಲಗಿದ ಬುದ್ಧನಾಗಿ ಕಾಣುತ್ತವೆ. ಹಣೆ, ಮೂಗು, ಗದ್ದ, ಎದೆ. ಬೆಳಕಿರುವಾಗಲೇ ಹೊರಡಿ.