ಒಂದು ಹಾಳೆ, ನಾಲ್ಕು ಮನೆ

"ಚಿತ್ರ ಬರಸಿದ್ರ ಇವ್ರು ಕೂಡಿ ಕುಂದರ್ತಾರೇನ್ರಿ ಸರ?" ಅಂತ, ಬೇರೆ ಬೇರೆ ಕೂಡುವ ಎಂಟನೇ ಕ್ಲಾಸಿನ ಮಕ್ಕಳಿಂದ ಕಾಮಿಕ್ಸ್ ಬರೆಸುತ್ತೇನೆ ಅಂದ ನನ್ನನ್ನು ನಮ್ಮ ಹೆಡ್ ಮಾಸ್ಟರ್ ಕೇಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. ಈಗ ಅವರೇ ನಮ್ಮ ಮಕ್ಕಳ ಒಂದು ಕಾಮಿಕ್ಸನ್ನು ಟೇಬಲ್ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮದು ಸಿಂಧನೂರು ಹತ್ತಿರದ ಪ್ರೌಢಶಾಲೆ. ಈ ಕಡೆ ಪಾಠ ಮಾಡುವವರಿಗೆ ಎಂಟನೇ ಕ್ಲಾಸಿನ ಚಿತ್ರ ಗೊತ್ತೇ ಇದೆ. ಊರಿನ ಮಕ್ಕಳು ಮುಂದೆ, ತಾಂಡಾದ ಲಂಬಾಣಿ ಮಕ್ಕಳು ಹಿಂದೆ, ಆಂಧ್ರದಿಂದ ಬಂದು ನೆಲೆಸಿದವರ ಆಂಧ್ರ ಕ್ಯಾಂಪಿನವರು ಬಾಗಿಲ ಕಡೆ, ನಿರಾಶ್ರಿತರಾಗಿ ಬಂದವರ ಬಂಗಾಳಿ ಕ್ಯಾಂಪಿನವರು ಕಿಟಕಿ ಕಡೆ. ಬಿಸಿಯೂಟಕ್ಕೆ ಕೂತರೂ ಇದೇ ನಕ್ಷೆ. ಜಗಳ ಅಂತ ಜಾಸ್ತಿ ಏನಿಲ್ಲ. ಮಾತೇ ಇಲ್ಲ, ಅಷ್ಟೇ.

ಇವರನ್ನು ಮಾತಿಗೆ ಎಳೆಯಲು 2023ರಲ್ಲಿ ಕಾಮಿಕ್ಸ್ ಹಿಡಿದು ಶುರು ಮಾಡಿದೆ. ಮೊದಲು ಮಾಡಿದ್ದು ದಡ್ಡತನ. ಅಂಗಡಿಯ ಕಾಮಿಕ್ಸ್ ಪುಸ್ತಕ ತಂದೆ, ಸುಮಾರು 1,200 ರೂಪಾಯಿ ಕೈಯಿಂದ ಹೋಯಿತು. ಚೆನ್ನಾಗಿ ಓದುವ ಐದಾರು ಮಕ್ಕಳೇ ಅದನ್ನು ಹಿಡಿದು ಕೂತರು. ದೀಪಾವಳಿ ಹೊತ್ತಿಗೆ ಅರ್ಧ ಹರಿದಿದ್ದವು, ಎರಡು ಕಾಣೆಯಾಗಿದ್ದವು.

ಆಮೇಲೆ ಒಬ್ಬೊಬ್ಬರಿಗೂ ಹಾಳೆ ಕೊಟ್ಟು ಬರೆಸಿದೆ. ಕೈ ಕುದುರಿದವರು ಹೀರೋಗಳಾದರು, ಉಳಿದವರು "ನಂಗ ಬರಂಗಿಲ್ರಿ" ಅಂತ ಹಾಳೆ ಮಡಚಿಟ್ಟರು. ಮೂರನೇ ಸಲ "ಸ್ನೇಹ" ಅಂತ ವಿಷಯ ಕೊಟ್ಟೆ. ನಲವತ್ತು ಹಾಳೆಯಲ್ಲೂ ಕೈ ಕೈ ಹಿಡಿದ ಮಕ್ಕಳು, ಮೇಲೆ ಒಂದು ಬಾವುಟ! ಸ್ವಾತಂತ್ರ್ಯ ದಿನದ ಭಾಷಣ ಕೇಳಿದ ಹಾಗಾಯಿತು. ಆ ವರ್ಷ ಅಲ್ಲಿಗೇ ಮುಗಿಯಿತು.

ದಾರಿ ಸಿಕ್ಕಿದ್ದು ಮುಂದಿನ ವರ್ಷ. ಒಂದು ದೊಡ್ಡ ಹಾಳೆ, ಅದರಲ್ಲಿ ನಾಲ್ಕು ಚೌಕ. ಮಕ್ಕಳು ಅದಕ್ಕೆ ಚೌಕಾಬಾರದ ಹಾಗೆ "ಮನೆ" ಅಂದರು, ನಾನೂ ಹಾಗೇ ಅಂದೆ. ನಾಲ್ಕು ಮನೆಗೆ ನಾಲ್ಕು ಕಡೆಯ ಮಕ್ಕಳು. ಬರೀ ಕಡ್ಡಿ ಮನುಷ್ಯರು, ಚಂದದ ಮುಖ ಬರೆದರೆ ಅಳಿಸಿಸುತ್ತಿದ್ದೆ. ಮಾತಿನ ಗುಳ್ಳೆಯೊಳಗೆ ಅವರವರ ತಾಯಿಮಾತು, ಆದರೆ ಕನ್ನಡ ಅಕ್ಷರದಲ್ಲಿ. ಲಂಬಾಣಿಯಲ್ಲಿ ಬರೆದಿದ್ದು ಅರ್ಥವಾಗದಿದ್ದರೆ ಮುಂದಿನ ಮನೆ ಬರೆಯುವವನು ನನ್ನನ್ನು ಕೇಳುವ ಹಾಗಿಲ್ಲ, ಬರೆದವನನ್ನೇ ಕೇಳಬೇಕು. ಇಡೀ ಆಟ ಇರುವುದು ಇಲ್ಲೇ. ನಾಲ್ವರನ್ನು ಹೇಗೆ ಆರಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬಿಟ್ಟುಕೊಡಲ್ಲ. ಚೀಟಿ ಎತ್ತುವುದು ಅಂತ ಮಕ್ಕಳು ನಂಬಿದ್ದಾರೆ. ನಂಬಿಕೊಂಡಿರಲಿ.

ಮೊದಲ ಎರಡು ವಾರ ಸಪ್ಪೆಯಾಗಿತ್ತು. ಆಗ ತಾಂಡಾದ ಹುಡುಗನೊಬ್ಬ ನಾನು "ಗುಳ್ಳೆ ಬರೀರಿ" ಅಂದಿದ್ದನ್ನು "ಗುಳೆ ಬರೀರಿ" ಅಂತ ಕೇಳಿಸಿಕೊಂಡ. ಗುಳೆ ಅಂದರೆ ದುಡಿಮೆಗಾಗಿ ಊರು ಬಿಟ್ಟು ಹೋಗುವುದು. ಅದನ್ನೇ ಬರೆದ. ಟೆಂಪೋ, ಅದರ ಮೇಲೆ ಗಂಟುಮೂಟೆ, ನೀರಿನ ಕೊಡ, ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಒಬ್ಬ ಹುಡುಗ. ಎಲ್ಲರೂ ನಕ್ಕರು. ಆಮೇಲೆ ಊರಿನ ಹುಡುಗಿಯೊಬ್ಬಳು "ನಮ್ಮ ಕಾಕಾನೂ ಬೆಂಗಳೂರಿಗೆ ಹಿಂಗೇ ಹೋಗ್ಯಾನ" ಅಂದಳು. ಪಕ್ಕದ ಮನೆಯಲ್ಲಿ ಅದೇ ಟೆಂಪೋ ಮುಂದುವರಿಯಿತು.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ಸೋಮವಾರ ಕ್ಲಾಸಿಗೆ ಹೋದರೆ ಯಾರ ಬಾಯಲ್ಲೂ ಬೇರೆ ಮಾತಿಲ್ಲ. "ಗೇಟ್ ಕಿತ್ಕೊಂಡು ಹೋಗೈತಂತ್ರಿ ಸರ, ಭತ್ತಕ್ಕ ನೀರು ಬರಂಗಿಲ್ಲಂತ್ರಿ." ಎಡದಂಡೆ ಕಾಲುವೆ ನಂಬಿದ ಊರು ನಮ್ಮದು. ಎಲ್ಲರ ಮನೆಯಲ್ಲೂ ಅದೇ ಚಿಂತೆ. ಸಮಾಜ ಪಾಠ ಬಿಟ್ಟು ಹಾಳೆ ಹಂಚಿದೆ. ಒಂದು ಗುಂಪು ಬರೀ ಒಂದು ಪದದಲ್ಲಿ ಕಾಮಿಕ್ಸ್ ಮುಗಿಸಿತು. ನಾಲ್ಕು ಮನೆ, ನಾಲ್ಕು ಅಂಗಳ, ಖಾಲಿ ಕೊಡ. ಗುಳ್ಳೆಗಳಲ್ಲಿ ಕನ್ನಡದ "ನೀರು", ತೆಲುಗಿನ "ನೀಳ್ಳು", ಲಂಬಾಣಿಯ "ಪಾಣಿ", ಬಂಗಾಳಿಯ "ಜೋಲ್". ಹೆಡ್ ಮಾಸ್ಟರ್ ಟೇಬಲ್ಲಿಗೆ ಹೋಗಿದ್ದು ಇದೇ.

ಆ ವಾರವೇ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ) ಇಳಿಸಿದರಲ್ಲ, ಆಗ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ನಮ್ಮ ಕ್ಲಾಸಿನ ಸೂಪರ್‌ಮ್ಯಾನ್ ಆದರು. ಆಂಧ್ರ ಕ್ಯಾಂಪಿನ ಮಕ್ಕಳು "ನಮ್ಮೋರು" ಅಂದರು, ಉಳಿದವರು "ನಮ್ಮ ಡ್ಯಾಮಿನೋರು" ಅಂದರು. ಇದಕ್ಕೆ ಜಗಳ ಆಯಿತು, ನಿಜ. ಬಿಡಿಸಲು ಹೋಗಲಿಲ್ಲ. ಅಷ್ಟು ದಿನ ಮಾತೇ ಆಡದವರು ಜಗಳಾದರೂ ಆಡಲಿ.

ಖರ್ಚಿನ ವಿಷಯಕ್ಕೆ ಬರೋಣ. ಸ್ಕೆಚ್ ಪೆನ್ ತರಬೇಡಿ, ವಾರದಲ್ಲಿ ಒಣಗುತ್ತೆ. ಹಳದಿ ಬಣ್ಣವಂತೂ ಜೆರಾಕ್ಸಿನಲ್ಲಿ ಬೀಳುವುದೇ ಇಲ್ಲ. ಪೆನ್ಸಿಲ್, ಅದರ ಮೇಲೆ ಕಪ್ಪು ಬಾಲ್ ಪೆನ್ ಸಾಕು. ನಾನು ಎರಡು ಎ4 ಹಾಳೆ ಅಂಟಿಸಿ ಬರೆಸಿ, ಒಂದೊಂದನ್ನೇ ಜೆರಾಕ್ಸ್ ಮಾಡಿಸುತ್ತೇನೆ. ನೆನಪಿನ ಪ್ರಕಾರ ತಿಂಗಳಿಗೆ 300ರಿಂದ 350 ರೂಪಾಯಿ ಆಗುತ್ತಿತ್ತು. ಅಕ್ಕಿ ಗಿರಣಿಯ ಒಬ್ಬರು ಪಾಲಕರು ಒಂದು ಬಂಡಲ್ ಹಾಳೆ ಕೊಟ್ಟ ಮೇಲೆ ಅರ್ಧಕ್ಕೆ ಇಳಿಯಿತು. ಗಂಜಿಯಿಂದ ಗೋಡೆಗೆ ಅಂಟಿಸಿದ್ದು ಮಾತ್ರ ತಪ್ಪಾಯಿತು, ಇಲಿ ಕಾಮಿಕ್ಸ್ ಓದಿ ಮುಗಿಸಿದವು. ಈಗ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕುತ್ತೇವೆ.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲು ಗೊಂಬೆಯಾಟಕ್ಕೆ ಪದ್ಮಶ್ರೀ ಬಂತಲ್ಲ, ಆ ಹುರುಪಿನಲ್ಲಿ ಕಡ್ಡಿ ಮನುಷ್ಯರನ್ನು ರಟ್ಟಿನಲ್ಲಿ ಕತ್ತರಿಸಿ ಪಂಚೆ ಹಿಂದೆ ಟಾರ್ಚ್ ಬಿಟ್ಟು ಆಡಿಸಿದೆವು. ನೆರಳು ಬಂತು, ಕಥೆ ಬರಲಿಲ್ಲ. ನಲವತ್ತು ಮಕ್ಕಳು ಒಂದು ಟಾರ್ಚಿಗೆ ಕಿತ್ತಾಡಿದರು. ಮೊಬೈಲಿನಲ್ಲಿ ಕಾಮಿಕ್ಸ್ ಮಾಡಿಸಲು ಹೋದದ್ದೂ ಹೀಗೇ ಕೆಟ್ಟಿತು, ಫೋನು ಯಾರದ್ದೋ ಅವರದ್ದೇ ಕಥೆ ಆಯಿತು.

ದಸರಾ ಆದ ಮೇಲೆ ಏಳೆಂಟು ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋದರು. ಅವರ ಗುಂಪಿನವರು ಆ ಮನೆಯನ್ನು ತುಂಬಲು ಒಪ್ಪಲಿಲ್ಲ. "ಅವ ಬಂದು ಬರೀತಾನ್ರಿ" ಅಂದರು. ಇದು ನಾನು ಹೇಳಿಕೊಟ್ಟಿದ್ದಲ್ಲ. ಜನವರಿಯಲ್ಲಿ ಬೆಂಗಳೂರಿನಿಂದ ಆ ಟೆಂಪೋ ಹುಡುಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಸಿಮೆಂಟ್ ಚೀಲದ ಕಾಗದದ ಮೇಲೆ ಎತ್ತರದ ಕಟ್ಟಡ, ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಕಡ್ಡಿ ಮನುಷ್ಯ. ಗುಳ್ಳೆಯಲ್ಲಿ ಲಂಬಾಣಿ. ನನಗೆ ಅರ್ಥವಾಗಲಿಲ್ಲ. ಕಿಟಕಿ ಕಡೆಯ ಬಂಗಾಳಿ ಹುಡುಗಿ ಓದಿ ಹೇಳಿದಳು: "ನನ್ನ ಮನಿಯಾಗ ಯಾರೂ ಬರೀಬ್ಯಾಡ್ರಿ."